ಶಾಖ ಬೇಡವೆನ್ನುವ ವೃಷಭೇಂದ್ರಪ್ಪನವರು

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ವಿದ್ಯಾರಣ್ಯಪುರಂನ ವೃಷಭೇಂದ್ರಪ್ಪನವರ ಕಾಲಿನ ಬಲವನ್ನೆಲ್ಲ ಬಾಯಿಗೆ ತಂದಿದೆ. ಯಾವ ಫಿಸಿಯೋಥೆರಪಿಸ್ಟ್ ಬಳಿ ಹೋದರೂ ಮಂಡಿನೋವಿನವರಿಗೆ ಕೊಡುವ ಶಾಖವನ್ನೇ ಇವರಿಗೂ ಕೊಡುತ್ತಾರೆ. ಮೈ ಕಾದರೆ ಇವರ ಕಾಲು ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. “ಇನ್ನೊಂಚೂರು ದಮ್ ಕಟ್ಟಿ ಮಾಡಿ ಸಾರ್” ಎಂದರಂತೂ ಮುಗಿಯಿತು. “ದಮ್ ಇದ್ದಿದ್ರೆ ನಿನ್ನತ್ರ ಯಾಕಯ್ಯ ಬರ್ತಿದ್ದೆ? ಸುಸ್ತೇ ನನ್ನ ಕಾಯಿಲೆ ಕಣಯ್ಯ, ಬುಟ್ಬುಡು ನನ್ನ!” ಎಂದು ಗುಡುಗಿ, ಹೆಂಡತಿಯ ಹೆಗಲು ಹಿಡಿದು ಆಟೋ ಹತ್ತುತ್ತಾರೆ. ಯಾದವಗಿರಿಯ ಫಿಸಿಯೋಥೆರಪಿಸ್ಟ್ ನಿಶ್ಚಿತಾ ಮಾತ್ರ ಮೈ ಮುಟ್ಟುವ ಮೊದಲು ಫ್ಯಾನ್ ಹಾಕಿ, “ನಿಮಗೆ ಏನು ಮಾಡೋಕಾಗ್ಬೇಕು ಹೇಳಿ ಸಾರ್?” ಎಂದಳು. ಜಗಳಕ್ಕೆ ತೆರೆದ ಬಾಯಿಂದ ಮೆಲುದನಿ ಬಂತು: “ನಾನೇ ಚಪ್ಪಲಿ ಹಾಕ್ಕೊಬೇಕು ಕಣಮ್ಮ. ಇವಳು ದಿನಾ ಬಗ್ಗಿ ಹಾಕ್ತಾಳೆ, ನೋಡಕಾಗಲ್ಲ” ಎಂದು ಹೆಂಡತಿಯತ್ತ ಕೈ ತೋರಿದವರು ಮರುಕ್ಷಣವೇ ಸಿಡಿದರು: “ಇದನ್ನ ಕೇಳೋಕೆ ಇಡೀ ಮೈಸೂರಲ್ಲಿ ಒಬ್ಬನಿಗೂ ಬಾಯಿರಲಿಲ್ವಾ!”