ಗೋಲ್‌ಕೀಪರನ ಅಮ್ಮನ ಎತ್ತರ

ಆಟಗಾರರನ್ನು ಹುಡುಕಿಕೊಂಡು ಬರುವವರು ಆಟ ನೋಡುತ್ತಾರೆ ಅಂತಲೇ ನಾನು ತಿಳಿದಿದ್ದೆ. ಶುಕ್ರವಾರ ಇಲ್ಲಿ ಗಲ್ಫಿನಲ್ಲಿ, ಅಲ್ ಖೋರ್‌ನ ಮೈದಾನಕ್ಕೆ ಬಂದಿದ್ದ ಟ್ಯುನೀಷಿಯಾದ ಸ್ಕೌಟ್, ಗೋಲಿನಲ್ಲಿ ನಿಂತಿದ್ದ ನನ್ನ ಹದಿಮೂರು ವರ್ಷದ ಮಗನನ್ನು ಸ್ವಲ್ಪ ಹೊತ್ತು ನೋಡಿದ. ಮತ್ತೆ ನೇರ ನನ್ನ ಹತ್ತಿರ ಬಂದು ನನ್ನನ್ನೇ ಕಣ್ಣಲ್ಲಿ ಅಳೆದ.

"ಹುಡುಗ ಚೆನ್ನಾಗಿ ಹಿಡಿಯುತ್ತಾನೆ. ಹಾರುವುದನ್ನು ನಾವು ಕಲಿಸಬಹುದು, ಎತ್ತರವನ್ನು ಕಲಿಸಲಿಕ್ಕಾಗುವುದಿಲ್ಲ. ಅದಕ್ಕೇ ಅಪ್ಪ ಅಮ್ಮನನ್ನು ನೋಡುವುದು," ಎಂದ.

ನಾನು ಕುಳ್ಳ. ಇವನ ತಾಯಿ ನನಗಿಂತ ಎತ್ತರ ಎಂದೆ.

"ಯಲ್ಲಾ, ಸರಿ ಹಾಗಾದರೆ, ಮುಂದಿನ ವಾರ ಅವರನ್ನು ಕರೆದುಕೊಂಡು ಬನ್ನಿ."

ಅವಳು ತೀರಿಕೊಂಡು ವರ್ಷವಾಯಿತು ಎಂದೆ. ಹಾಗಾದರೆ ಅವರು ನಿಮ್ಮ ಪಕ್ಕ ನಿಂತ ಫೋಟೋ ಇದ್ದರೂ ಸಾಕು ಎಂದ.

ಫೋನಿನಲ್ಲಿ ಎಷ್ಟು ಹುಡುಕಿದರೂ ಹೆಂಡತಿ ಜೆಸಿಂತಾ ನನ್ನ ಪಕ್ಕ ನಿಂತಿರುವ ಒಂದು ಫೋಟೋ ಸಿಗಲಿಲ್ಲ. ಮದುವೆಯ ದಿನ ಉಡುಪಿಯ ಫೋಟೋಗ್ರಾಫರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಹಿಂದೆ ನಿಲ್ಲಿಸಿದ್ದ. ಆಮೇಲೆ ಕ್ಯಾಮೆರಾ ಕಂಡರೆ ಸಾಕು, ಅವಳೇ ಕೂತುಬಿಡುತ್ತಿದ್ದಳು.

ಅಷ್ಟರಲ್ಲಿ ಮಗ ಬಂದ. ವಿಷಯ ತಿಳಿದು, ಗ್ಲೌಸ್ ಹಾಕಿದ ಕೈಯನ್ನು ನನ್ನ ತಲೆಗಿಂತ ಮೇಲೆ ಹಿಡಿದು, "ಮಮ್ಮಿ ಇಷ್ಟು ಉದ್ದ ಇದ್ದರು," ಎಂದ.

ಸ್ಕೌಟ್ ನನ್ನ ತಲೆಯ ಮೇಲಿನ ಆ ಖಾಲಿ ಜಾಗವನ್ನು ಆಟಕ್ಕಿಂತ ಹೆಚ್ಚು ಹೊತ್ತು ನೋಡಿದ. ಆಮೇಲೆ ಅವನ ಫೋನ್ ಬರಲಿಲ್ಲ.

ಮದುವೆಯ ಫೋಟೋ ಈಗಲೂ ಮನೆಯ ಗೋಡೆಯಲ್ಲಿದೆ. ಅದರಲ್ಲಿ ನಾನೇ ಎತ್ತರ.