ಹೊಲಿಗೆ ಪುಸ್ತಕದ ಉದ್ದ ಮೂಗಿನ ಹೆಂಗಸು

ಮನೆಯಲ್ಲೇ ಕೂತು ಹೊಲಿಗೆ ಕಲಿಯುವವರಿಗಾಗಿ ಟೀಚರ್ ಬರೆದಿದ್ದ ಪುಸ್ತಕ ಅಂಗಡಿಗಳಿಂದ ಮಾಯವಾಗಿ ಎಷ್ಟೋ ಕಾಲವಾಗಿತ್ತು. ಅವರಿಗೂ ಎಪ್ಪತ್ತು ದಾಟಿತ್ತು. ಹೀಗಿರುವಾಗ ಒಂದು ದಿನ ಪ್ರಕಾಶಕರ ಮಗಳು ಫೋನ್ ಮಾಡಿ, ಎರಡನೇ ಆವೃತ್ತಿ ತರೋಣ, ಒಮ್ಮೆ ಬಂದು ಹೋಗಿ ಎಂದಳು. ಅಪ್ಪ ತೀರಿಕೊಂಡ ಮೇಲೆ ಕಚೇರಿ ನೋಡಿಕೊಳ್ಳುತ್ತಿದ್ದವಳು ಅವಳೇ.

ಅದೇ ಕಡಿದಾದ ಮೆಟ್ಟಿಲು, ಅದೇ ಕಾಗದ ಮತ್ತು ಅಂಟಿನ ವಾಸನೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕೋಣೆಯಲ್ಲಿ ಈಗ ಕಂಪ್ಯೂಟರ್ ಕೂತಿತ್ತು. ಕಿಟಕಿ ಪಕ್ಕದ ಬೆಂಚೂ ಹಾಗೇ ಇತ್ತು. ಟೀಚರ್ ಕರಡು ತಿದ್ದುವಾಗ ಅವರ ಯಜಮಾನರು ಅಲ್ಲೇ ಕೂತು ತೂಕಡಿಸುತ್ತಿದ್ದರು.

ಮಾತುಕತೆ ಸಲೀಸಾಗಿಯೇ ಸಾಗಿತು. ಅಕ್ಷರ ದೊಡ್ಡದಿರಲಿ ಎಂದಳು, ಒಪ್ಪಿದರು. ಕರೆಂಟಿನ ಹೊಲಿಗೆ ಯಂತ್ರದ ಮೇಲೊಂದು ಅಧ್ಯಾಯ ಬೇಕೆಂದಳು, ಬರೆದುಕೊಡುತ್ತೇನೆಂದರು. ಹಳೆಯ ಚಿತ್ರಗಳನ್ನೆಲ್ಲ ತೆಗೆದು ಬಣ್ಣದ ಫೋಟೋ ಹಾಕೋಣ ಎಂದಾಗ ಮಾತ್ರ ಮೇಜಿನ ಮೇಲಿದ್ದ ಹಳೆಯ ಪ್ರತಿಯ ಮೇಲೆ ಕೈ ಇಟ್ಟರು.

ಆ ಚಿತ್ರಗಳು ಯಜಮಾನರ ಕೈಯವು. ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವುದು ಅವರ ಕೆಲಸ. ಸಂಜೆ ಮನೆಗೆ ಬಂದವರೇ ಊಟದ ಮೇಜು ಒರೆಸಿ, ಕಾಗದ ಹಾಸಿ, ಹೆಂಡತಿಯನ್ನು ಎದುರಿಗೆ ನಿಲ್ಲಿಸುತ್ತಿದ್ದರು. ಕೈ ಎತ್ತು, ತಿರುಗು, ಅಲುಗಾಡಬೇಡ. ಒಲೆ ಮೇಲೆ ಹಾಲು ಉಕ್ಕಿದರೂ ಟೀಚರ್ ಟೇಪು ಹಿಡಿದು ನಿಂತೇ ಇರಬೇಕು. ಕೊಳವೆ ಬರೆದು ಪಳಗಿದ ಕೈಯಲ್ಲವೇ, ಚಿತ್ರದ ಹೆಂಗಸಿನ ತೋಳುಗಳೂ ಕೊಳವೆಗಳೇ. ಮೂಗಂತೂ ಗಜ ಉದ್ದ. ಆ ಮೂಗಿಗಾಗಿ ಗಂಡ ಹೆಂಡಿರು ಒಂದು ದಿನವಿಡೀ ಮಾತು ಬಿಟ್ಟಿದ್ದೂ ಉಂಟು. ನಿಮ್ಮ ಹೆಸರನ್ನೂ ಹಾಕಿಸೋಣ ಎಂದರೆ, ಸೂಜಿಗೆ ದಾರ ಪೋಣಿಸಲು ಬಾರದವನಿಗೆ ಅದೆಲ್ಲ ಯಾಕೆ ಎಂದು ನಕ್ಕು ಜಾರಿಕೊಂಡಿದ್ದರು. ಈಗ ಅವರೇ ಇಲ್ಲ.

"ಈಗಿನವರಿಗೆ ಫೋಟೋ ಇಲ್ದಿದ್ರೆ ಹಿಡಿಸಲ್ಲ ಟೀಚರ್," ಎಂದಳು ಹುಡುಗಿ.

"ಹೊಸ ಅಧ್ಯಾಯಕ್ಕೆ ಹಾಕಮ್ಮಾ, ಬೇಡ ಅನ್ನಲ್ಲ. ಹಳೇ ಚಿತ್ರ ತೆಗೆದ್ರೆ ಮಾತ್ರ ನಾನು ಸಹಿ ಹಾಕಲ್ಲ." ಆಮೇಲೆ ನಿಧಾನವಾಗಿ, ಬರೆದವರು ಯಾರು, ಎದುರಿಗೆ ನಿಂತವರು ಯಾರು ಎಂದು ತಿಳಿಸಿದರು.

ಹುಡುಗಿ ಪುಟ ತಿರುವಿ ನೋಡಿದಳು. ತಲೆ ಎತ್ತಿ ಟೀಚರ ಮೂಗನ್ನೂ ನೋಡಿದಳು. "ಹಾಗಾದ್ರೆ ಇದು ನೀವೇನಾ?"

ಚಿಕ್ಕವಳಿದ್ದಾಗ ಮನೆಯ ಪ್ರತಿಯಲ್ಲಿ ಆ ಹೆಂಗಸಿಗೆ ಹಸಿರು ಮೀಸೆ ಬರೆದು ಅಮ್ಮನ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದಳಂತೆ. ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಿತ್ರಗಳು ಇರಲಿ ಎಂದು ಅವಳೇ ಹೇಳಿದಳು.

"ಬರೆದವರ ಹೆಸರೂ ಹಾಕ್ಬೇಕು," ಎಂದರು ಟೀಚರ್.

"ಒಳಗಡೆ ಹಾಕ್ಲಾ?"

"ಮುಖಪುಟದಲ್ಲಿ. ನನ್ನ ಹೆಸರಿನಷ್ಟೇ ದೊಡ್ಡದಾಗಿ."

ಪುಸ್ತಕ ಮನೆಗೆ ಬಂದ ದಿನ ಟೀಚರ್ ಅದನ್ನು ಮಧ್ಯಾಹ್ನವೆಲ್ಲ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ಬಿಸಿಲು ಇಳಿದ ಮೇಲೆ ನಾದಿನಿಗೆ ಫೋನ್ ಮಾಡಿದರು.

"ನಿಮ್ಮಣ್ಣನ ಪುಸ್ತಕ ಬಂದಿದೆ," ಎಂದರು. "ಬಾ, ನೋಡುವೆಯಂತೆ."