ಕಳ್ಳಿಯ ಮೇಲೆ ಬಂದ ಅಪವಾದ

ನನ್ನ ಅತ್ತಿಗೆಯ ಬಲಗೈ ಬೆರಳ ತುದಿಗಳಲ್ಲಿ ಕೂದಲಿಗಿಂತ ತೆಳುವಾದ ಮುಳ್ಳುಗಳು ಸದಾ ನೆಟ್ಟಿರುತ್ತಿದ್ದವು. ಬೆರಳನ್ನು ತುಟಿಗೆ ಸವರಿ ಮುಳ್ಳಿನ ಜಾಗ ಹುಡುಕಿ, ಚಿಮಟದಿಂದ ಕಿತ್ತು, ಮತ್ತೆ ಅದೇ ಕುಂಡಕ್ಕೆ ಕೈಹಾಕುತ್ತಿದ್ದರು. ಮೇಲೂರಿನಲ್ಲಿ ನನ್ನ ಅಣ್ಣನ ಮನೆಯ ಪೂರ್ವದ ಕಿಟಕಿಯ ಒಳಬದಿಯಲ್ಲಿ ಹೂಬಿಡುವ ಕಳ್ಳಿಗಳನ್ನು ಸಾಲಾಗಿ ಇರಿಸಿದ್ದರು. ಚೆಂಡಿನಂಥ ಹಸಿರು ಮೈಯ ನೆತ್ತಿಯ ಸುತ್ತ ಗುಲಾಬಿ ಹೂಗಳು ಬಳೆಯಂತೆ ಅರಳಿದ ದಿನ ಅಡುಗೆ ತಡವಾಗುತ್ತಿತ್ತು.

ಮರಳು, ಇಟ್ಟಿಗೆಯ ಚೂರು, ಒಂದಿಷ್ಟು ಹಳೆಯ ಗೊಬ್ಬರ. ಅವರ ಕುಂಡದ ಮಣ್ಣೆಂದರೆ ಅಷ್ಟೇ. ಚಳಿಗಾಲದಲ್ಲಿ ನೀರನ್ನೇ ಹಾಕುತ್ತಿರಲಿಲ್ಲ. ಒಮ್ಮೆ ನಾನು ಕನಿಕರದಿಂದ ಚೊಂಬು ಎತ್ತಿದಾಗ, "ಬಾಯಾರಿಕೆ ನಿನಗೆ ಕಣಪ್ಪ, ಅದಕ್ಕಲ್ಲ. ನೀನೇ ಕುಡಿ" ಎಂದರು.

ಮುಳ್ಳಿನ ಗಿಡವಿರುವ ಮನೆಗೆ ಏಳಿಗೆಯಿಲ್ಲವೆಂದು ಬಂದವರೆಲ್ಲ ಹೇಳುತ್ತಿದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಕೈಗೆ ಸಿಕ್ಕಿದ್ದನ್ನು ಓದಿ ಬೆಳೆದ ನನಗೆ, ಎಲ್ಲರೂ ಹೇಳುತ್ತಾರೆಂಬ ಕಾರಣಕ್ಕೆ ಒಪ್ಪುವ ಅಭ್ಯಾಸವಿಲ್ಲ.

ಒಂದು ಬೇಸಿಗೆಯಲ್ಲಿ, ಅಣ್ಣನ ಹುಳುಮನೆಯಲ್ಲಿ ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳು ತಲೆಯೆತ್ತಿ, ಹಸಿರು ನೀರು ಕಾರಿ, ಒಂದೇ ಹಗಲಿನಲ್ಲಿ ಸತ್ತುಹೋದವು. ಶಿಡ್ಲಘಟ್ಟದ ನನ್ನ ಮನೆಯಿಂದ ನಾನು ಓಡಿಬಂದಾಗ ಅಂಗಳದಲ್ಲಿ ಜನ ಸೇರಿದ್ದರು.

"ಮನೆ ತುಂಬಾ ಮುಳ್ಳು ಇಟ್ಕೊಂಡ್ರೆ ಇನ್ನೇನಮ್ಮಾ ಆಗುತ್ತೆ?" ಎಂದಳು ಪಕ್ಕದ ಮನೆಯ ಮುದುಕಿ.

ಅಣ್ಣ ತಲೆ ತಗ್ಗಿಸಿ ಕುಳಿತಿದ್ದ. ಅತ್ತಿಗೆ ಒಳಗೆ ಹೋಗಿ, ಮೊಗ್ಗು ಬಿಟ್ಟಿದ್ದ ಕುಂಡಗಳನ್ನು ಒಂದೊಂದಾಗಿ ಹೊರಗೆ ತಂದಿಡತೊಡಗಿದರು. ನಾನು ದಂಗಾದೆ.

ಸಂಶಯದಿಂದ ತೋಟಕ್ಕೆ ನಡೆದೆ. ಪಕ್ಕದವರ ಟೊಮೆಟೊ ಹೊಲದಲ್ಲಿ ಔಷಧಿ ಹೊಡೆದ ಘಾಟು ಇನ್ನೂ ಇತ್ತು. ಅದಕ್ಕೆ ತಾಗಿದ ನಮ್ಮ ಹಿಪ್ಪುನೇರಳೆಯ ಅಂಚಿನ ಸಾಲು ಸೊಪ್ಪು ಕೊಯ್ದು ಬೋಳಾಗಿತ್ತು. ಔಷಧಿ ಹೊಡೆದಾಗ ಅಂಚಿನ ಸೊಪ್ಪನ್ನು ಹುಳುವಿಗೆ ಹಾಕಬಾರದೆಂಬುದು ರೇಷ್ಮೆ ಬೆಳೆಯುವ ಯಾರಿಗೆ ತಿಳಿಯದು? ಸೊಪ್ಪು ಕೊಯ್ಯುತ್ತಿದ್ದವನು ಅಣ್ಣನೊಬ್ಬನೇ.

ಎಲ್ಲರೆದುರು ಹೇಳಿಬಿಡುವೆನೆಂದು ದಾಪುಗಾಲಿಟ್ಟು ಬಂದೆ. ಅತ್ತಿಗೆ ಬೇಲಿಯ ಬಳಿಯೇ ಅಡ್ಡ ನಿಂತರು.

"ನಾನು ಬೆಳಿಗ್ಗೇನೇ ನೋಡ್ದೆ."

"ಮತ್ತೆ ಸುಮ್ನೆ ಇದ್ದೀರಲ್ಲ ಅತ್ತಿಗೆ!"

"ಗಿಡಾನ ಬೈದ್ರೆ ಅದು ಉಪವಾಸ ಮಲಗಲ್ಲ ಕಣಪ್ಪ. ನಿಮ್ಮಣ್ಣ ಮಲಗ್ತಾರೆ. ಬಾಯಿ ಮುಚ್ಕೊಂಡು ಕುಂಡ ನಿನ್ನ ಮನೆಗೆ ಸಾಗಿಸು. ನಿನಗೆ ಹೇಗೂ ಈ ಶಕುನಗಳಲ್ಲಿ ನಂಬಿಕೆ ಇಲ್ವಲ್ಲ."

ಸತ್ಯವನ್ನು ಹೀಗೂ ನಡೆಸಿಕೊಳ್ಳಬಹುದೆಂದು ಯಾವ ಪುಸ್ತಕವೂ ನನಗೆ ತಿಳಿಸಿರಲಿಲ್ಲ. ಅಂದಿನಿಂದ ಅವರು ಆಗಾಗ ನಮ್ಮ ಮನೆಗೆ ಬಂದು ಕುಂಡ ಬದಲಿಸಿ, ಕೊಳೆತ ಬೇರು ಕತ್ತರಿಸಿ, ನನ್ನನ್ನು ಗದರಿಸಿ ಹೋಗುತ್ತಿದ್ದರು. ಒಂದು ಗಿಡವನ್ನೂ ಮೇಲೂರಿಗೆ ಒಯ್ಯಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ನೆಂಟರೊಬ್ಬರು, "ಅವತ್ತು ರೇಷ್ಮೆಹುಳಗಳನ್ನ ತಿಂದ ಮುಳ್ಳೇ ಇವತ್ತು ಇವಳನ್ನೂ ತಿಂತು" ಎಂದರು. ನಾನು ತಡೆಯಲಾರದೆ ಎದ್ದುನಿಂತೆ. ಆದರೆ ಮಾತು ಬಂದದ್ದು ಅಣ್ಣನ ಬಾಯಿಂದ.

"ಹುಳ ಸತ್ತಿದ್ದು ನಾನು ಹಾಕಿದ ಸೊಪ್ಪಿಂದ. ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಅಂತ ನನಗೂ ಗೊತ್ತಿತ್ತು."



"ಇಷ್ಟು ವರ್ಷ ಯಾಕಣ್ಣ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಗಿಡಗಳು ವಾಪಸ್ ಬರ್ತಿದ್ವು ಕಣೋ. ದಿನಾ ಅವುಗಳ ಮುಖ ನೋಡೋಕೆ ನನ್ನಿಂದ ಆಗ್ತಿರಲಿಲ್ಲ."

ಎದ್ದು ನಿಂತಿದ್ದ ನನಗೆ ಕುಳಿತುಕೊಳ್ಳುವುದೂ ತೋಚಲಿಲ್ಲ.